ಊಟದ ಮಾತು

"ಅಲುಗಾಡಬೇಡ ಕಣೋ ತಕರಾರು, ಅಂಕಿ ನಿಲ್ಲಲಿ," ಎಂದು ಅಕ್ಕ ನಾಯಿಯ ಬೆನ್ನಿನ ಮೇಲೆ ಅಂಗೈ ಇಟ್ಟಳು. ತಕರಾರು ಅಲುಗಾಡುತ್ತಲೇ ಇರಲಿಲ್ಲ. ಪಾರ್ಸೆಲ್ ತೂಗುವ ಯಂತ್ರದ ತಗಡಿನ ಮೇಲೆ ನಾಲ್ಕೂ ಕಾಲು ಒಟ್ಟು ಮಾಡಿ, ತಲೆ ತಗ್ಗಿಸಿ, ವಿಳಾಸ ಬರೆಯದೆ ಯಾರೋ ಬಿಟ್ಟುಹೋದ ಗಂಟಿನಂತೆ ನಿಂತಿತ್ತು. ಅಲುಗಾಡುತ್ತಿದ್ದದ್ದು ಅಕ್ಕನ ಕೈ.

ಭಾನುವಾರವಾದ್ದರಿಂದ ಪಾರ್ಸೆಲ್ ಆಫೀಸಿನ ಶಟರ್ ಅರ್ಧ ಇಳಿದಿತ್ತು. ಒಳಗೆಲ್ಲ ರಟ್ಟಿನ, ಅಂಟಿನ ವಾಸನೆ. ಪೆಟ್ಟಿಗೆಗಳ ಸಾಲಿನ ಆ ಕಡೆ ಅವನು, ಈ ಕಡೆ ಅವಳು. ಆರು ವರ್ಷ ಒಂದೇ ಮನೆಯಲ್ಲಿದ್ದವರು. ಪಾತ್ರೆಪಡಗ, ಮಂಚ, ಪುಸ್ತಕ ಎಲ್ಲವನ್ನೂ ಗಲಾಟೆಯಿಲ್ಲದೆ ಹಂಚಿಕೊಂಡು ಬೇರೆಯಾದವರು, ನಾಯಿಯ ಸರದಿ ಬಂದಾಗ ಮಾತ್ರ ಪಟ್ಟು ಹಿಡಿದು ಕೂತಿದ್ದರು. ಒಂದು ವಾರ ಅವನ ಮನೆ, ಒಂದು ವಾರ ಅವಳ ಮನೆ ಎಂದು ಇತ್ಯರ್ಥ ಮಾಡಿದವಳು ಅವನ ಅಕ್ಕ. ಪ್ರತಿ ಭಾನುವಾರ ಅಕ್ಕನ ಈ ಆಫೀಸಿನಲ್ಲೇ ನಾಯಿ ಕೈ ಬದಲಾಗುತ್ತಿತ್ತು.

"ಮತ್ತೆ ಇಳಿದಿದೆ," ಎಂದಳು ಅಕ್ಕ. ಇಬ್ಬರ ಮುಖವನ್ನೂ ನೋಡಲಿಲ್ಲ.

ಅವನು ಒಂದು ನಿಟ್ಟುಸಿರು ಬಿಟ್ಟ. ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಹಾಗಿತ್ತು ಅದು. ಒಳಗೊಳಗೇ ಅವನಿಗೆ ಬಹಳ ಖುಷಿಯಾಗಿತ್ತು.

"ಏನು ಹಾಕಿದ್ರೂ ತಿಂತಿಲ್ಲ ಅಕ್ಕ," ಎಂದಳು ಅವಳು. ಅವಳು ಮಕ್ಕಳಿಗೆ ಈಜು ಕಲಿಸುವವಳು. ಕೊಳದಿಂದ ನೇರವಾಗಿ ಬಂದಿದ್ದಳು, ಕೂದಲು ಇನ್ನೂ ಒದ್ದೆಯಿತ್ತು, ಕೊರಳಲ್ಲಿ ವಿಸಿಲ್ ಹಾಗೇ ನೇತಾಡುತ್ತಿತ್ತು. "ತಟ್ಟೆ ಎದುರಿಗೆ ಕೂತ್ಕೊಂಡು ಜೊಲ್ಲು ಸುರಿಸುತ್ತೆ. ನನ್ನ ಮುಖ ನೋಡುತ್ತೆ. ಮುಟ್ಟಲ್ಲ. ಬಾಯಿ ತೆಗೆಸಿ ಗಂಜಿ ಸುರಿದು ಸುರಿದು ಇಷ್ಟು ದಿನ ಇಟ್ಕೊಂಡಿದ್ದೀನಿ."

"ನಮ್ಮನೇಲಿ ತಟ್ಟೆ ನೆಕ್ಕಿ ಹೊಳಪು ಬರಿಸುತ್ತಲ್ಲ," ಎಂದ ಅವನು ಪೆಟ್ಟಿಗೆಯೊಂದಕ್ಕೆ ಹೇಳುವವನಂತೆ.

ಅಕ್ಕ ನಾಯಿಯನ್ನು ಕೆಳಗಿಳಿಸಿದಳು. "ನೋಡಮ್ಮ, ಮಾತು ಅಂದ್ರೆ ಮಾತು. ಯಾರ ಮನೇಲಿ ನಾಯಿ ಸೊರಗುತ್ತೋ ಅವರು ಬಿಟ್ಟುಕೊಡಬೇಕು ಅಂತ ಇಬ್ಬರೂ ಒಪ್ಪಿದ್ದೀರಿ. ನಿನಗೆ ಇನ್ನೊಂದು ಸರದಿ ಕೊಡ್ತೀನಿ, ಅದೇ ಕೊನೆ. ನನಗೇನು ಖುಷಿ ಅನ್ಕೋಬೇಡ. ಮೂಕಪ್ರಾಣಿ ಅದು."

ಆ ನಿಯಮ ಅವನದೇ. ಅಕ್ಕನ ಕಿವಿಯಲ್ಲಿ ಊದಿ, ಅವಳದೇ ಯೋಚನೆ ಅನ್ನಿಸುವ ಹಾಗೆ ಅವಳ ಬಾಯಿಂದ ಹೊರಡಿಸಿದ್ದ.

ಅವಳು ಮಂಡಿಯೂರಿ ನಾಯಿಯ ಹಣೆಗೆ ಹಣೆ ಒತ್ತಿದಳು. ಆಮೇಲೆ ಎದ್ದು, "ಬರ್ತೀನಿ ಅಕ್ಕ," ಎಂದಳು. "ಹೋಗಿ ಬಾರಮ್ಮ," ಎಂದಳು ಅಕ್ಕ. ಅವಳು ಅವನ ಕಡೆಗೂ ತಿರುಗಿ ಇನ್ನೊಂದು ಸಲ, ಸ್ವಲ್ಪ ಮೆಲ್ಲಗೆ, "ಬರ್ತೀನಿ," ಎಂದಳು. ಅವನು ಯಾವುದೋ ಊರಿಗೆ ಹೊರಟಿದ್ದ ಪಾರ್ಸೆಲ್ಲಿನ ವಿಳಾಸವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ. ಅವಳು ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು.

ಮನೆಗೆ ಬಂದವನೇ ಬೇಯಿಸಿದ ಕೋಳಿಯನ್ನು ಅನ್ನದೊಂದಿಗೆ ಕಲಸಿ, ತಟ್ಟೆಯನ್ನು ಅಡುಗೆಮನೆಯ ಮೂಲೆಯಲ್ಲಿ ಇಟ್ಟ. ತಕರಾರು ಬಂದು ಕೂತಿತು. ಅದರ ಗದ್ದದಿಂದ ಜೊಲ್ಲು ದಾರವಾಗಿ ಇಳಿಯಿತು. ಅವನು ಅವಸರ ಮಾಡಲಿಲ್ಲ. ಶೂ ಬಿಚ್ಚಿ, ಕೈ ತೊಳೆದು, ಟವೆಲಿನಲ್ಲಿ ಬೆರಳು ಬೆರಳೂ ಒರೆಸಿಕೊಂಡು ಬಂದು, ಮೆಲ್ಲನೆ ಹೇಳಿದ: "ತಪ್ಪಾಯ್ತು."

ನಾಯಿ ತಟ್ಟೆಗೆ ಬಾಯಿ ಹಾಕಿತು.

ಮರಿಯಾಗಿದ್ದಾಗ ಅದು ಸ್ನಾನಕ್ಕೆ, ಸರಪಳಿಗೆ, ಕಸದ ಗಾಡಿಗೆ, ಎಲ್ಲಕ್ಕೂ ತಕರಾರು ತೆಗೆಯುತ್ತಿತ್ತು, ಹೆಸರು ಬಂದದ್ದು ಹಾಗೆ. ತಕರಾರಿಲ್ಲದ ವಿಷಯ ಒಂದೇ. ಬೀದಿಯಲ್ಲಿ ಯಾರೋ ಇಟ್ಟ ವಿಷ ತಿಂದು ಪಕ್ಕದ ಮನೆಯ ನಾಯಿ ಸತ್ತಾಗ, ಹೇಳುವತನಕ ಏನನ್ನೂ ಬಾಯಿಗೆ ಹಾಕಬಾರದೆಂದು ಇಬ್ಬರೂ ಸೇರಿ ಇದಕ್ಕೆ ಕಲಿಸಿದ್ದರು. ತಟ್ಟೆಯಲ್ಲಿರಲಿ, ಕೈಯಲ್ಲಿರಲಿ, ನೆಲದ ಮೇಲಿರಲಿ, "ತಗೋ" ಎಂದರೆ ಮಾತ್ರ ತಿನ್ನಬೇಕು. ಅದಕ್ಕೆ ಅವರು ಊಟದ ಮಾತು ಎನ್ನುತ್ತಿದ್ದರು. ಪ್ರೀತಿಯಿಂದ ಕಲಿಸಿದ ಪಾಠ ಅದು, ನಾಯಿಯೂ ಪ್ರೀತಿಯಿಂದಲೇ ಕಲಿತಿತ್ತು.

ಬೇರೆಯಾದ ಮೇಲೆ ತನ್ನ ಸರದಿಯ ವಾರಗಳಲ್ಲಿ ಅವನು ಆ ಮಾತನ್ನು ಬದಲಾಯಿಸಿದ. "ತಗೋ" ಎಂದಾಗ ನಾಯಿ ಬಗ್ಗಿದರೆ ಮೂಗಿನ ಮೇಲೆ ಸುರುಳಿ ಸುತ್ತಿದ ಪೇಪರಿನ ಪೆಟ್ಟು. "ತಪ್ಪಾಯ್ತು" ಎಂದಾಗ ಊಟ. ನಾಯಿಗೆ ಶಬ್ದ ಮುಖ್ಯ, ಅರ್ಥ ಕಟ್ಟಿಕೊಂಡು ಅದಕ್ಕೇನಾಗಬೇಕು. ಹಸಿದ ನಾಯಿಯಂತೂ ಬೇಗ ಕಲಿಯುತ್ತದೆ.

ಅಷ್ಟೆಲ್ಲ ಮಾತುಗಳಿರುವಾಗ ಅದೇ ಮಾತು ಯಾಕೆಂದರೆ, ಅವಳು ಹೇಳಲಾರದ ಮಾತು ಅದೊಂದೇ ಎಂದು ಅವನ ಖಚಿತ ನಂಬಿಕೆ. ಅವನು ಕಿವಿಗೆ ಯಂತ್ರ ಕೂರಿಸುವವನು. ಕೇಳಿಸದವರ ಕಿವಿಯ ಅಚ್ಚು ತೆಗೆದು, ಅದರ ಅಳತೆಗೆ ಬಿಲ್ಲೆ ಮಾಡಿ, ತಿಕ್ಕಿ, ನಯ ಮಾಡಿ ಕೂರಿಸುತ್ತಿದ್ದ. ಸ್ವಂತ ಅಂಗಡಿ ತೆರೆದ ದಿನ ಬಂದವರೆಲ್ಲ ಅವನನ್ನು ಹೊಗಳುತ್ತಿದ್ದಾಗ ಅವಳು ನಡುವೆ ಬಾಯಿ ಹಾಕಿ, "ಊರಿನವರ ಕಿವಿಯೆಲ್ಲ ರಿಪೇರಿ ಮಾಡ್ತಾನೆ, ಮನೇಲಿ ಮಾತ್ರ ಕಿವುಡ," ಎಂದುಬಿಟ್ಟಿದ್ದಳು. ಎಲ್ಲರೂ ನಕ್ಕರು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಆ ರಾತ್ರಿ ಅವನು ಗೋಡೆ ಕಡೆ ತಿರುಗಿ ಮಲಗಿ, ಅವಳು ತಪ್ಪಾಯ್ತು ಎನ್ನಲಿ ಎಂದು ಕಾದ. "ತಮಾಷೆಗೆ ಅಂದೆ ಕಣೋ," ಎಂದು ಅವಳು ದೀಪ ಆರಿಸಿದಳು. ತಮಾಷೆಗೆ ಅಂದೆ ಎನ್ನುವುದು ಬೇರೆ, ತಪ್ಪಾಯ್ತು ಎನ್ನುವುದು ಬೇರೆ. ಅವನು ಬಾಯಿಗೆ ಬೀಗ ಹಾಕಿಕೊಂಡ.

ಹಾಗೆ ನೋಡಿದರೆ ಆ ಬೀಗ ಹೊಸದೇನಲ್ಲ, ಕೀಲಿ ಕಳೆದದ್ದಷ್ಟೇ ಹೊಸದು. ಮೊದಲಿನಿಂದಲೂ ಅವನು ಮಾತಿನಲ್ಲಿ ಜಿಪುಣ. ದಿನಾ ಬೆಳಗ್ಗೆ ಅವಳು ಕೊಳಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು "ಬರ್ತೀನಿ" ಎನ್ನುತ್ತಿದ್ದಳು. ಅವನು ಚಹಾದ ಲೋಟದಿಂದ ಮುಖ ಎತ್ತಿದ್ದು ಅವನಿಗೆ ನೆನಪಿಲ್ಲ. ಕೊನೆಯ ದಿನ ಎರಡು ಚೀಲ ಹೊತ್ತುಕೊಂಡು ಹೊರಟಾಗಲೂ ಅವಳು ಅದನ್ನೇ ಹೇಳಿ, ಹೋಗದೆ ಸುಮಾರು ಹೊತ್ತು ನಿಂತಿದ್ದಳು. ಅವನು ಕಿವಿಯ ಬಿಲ್ಲೆಯೊಂದನ್ನು ಸ್ಯಾಂಡ್‌ಪೇಪರಿನಲ್ಲಿ ತಿಕ್ಕುತ್ತಿದ್ದ. ನಿಂತಿದ್ದಾಳೆಂದು ಗೊತ್ತಿತ್ತು. ಈಗ ಹೇಳ್ತಾಳೆ, ತಪ್ಪಾಯ್ತು ಅನ್ನೋದು ನಾಲಿಗೆ ತುದಿಗೆ ಬಂದಿದೆ, ಬೀಳಲಿ ಎಂದುಕೊಂಡು ಇನ್ನಷ್ಟು ಜೋರಾಗಿ ತಿಕ್ಕಿದ. ಬಾಗಿಲು ಮುಚ್ಚಿಕೊಂಡಿತು. ಒಂದು ಮಾತಿಗೆ ಇಷ್ಟು ಅಹಂಕಾರವೇ ಎಂದು ಇವತ್ತಿಗೂ ಅವನಿಗೆ ಉರಿಯುತ್ತಿತ್ತು.

ಅವಳ ಕೊನೆಯ ಸರದಿಯ ಮೊದಲ ದಿನವೇ ಫೋನ್ ಬಂತು. ಅವನು ಅಂಗಡಿಯಲ್ಲಿದ್ದ. ಗಾಜಿನ ಗೂಡಿನೊಳಗೆ ಅಜ್ಜಿಯೊಬ್ಬಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಶಬ್ದ ಕೇಳಿಸಿದ ಕೂಡಲೇ ಒತ್ತಲು ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಊಟ ಹಾಕುವಾಗ ಏನು ಅಂತೀಯ ನೀನು?" ಎಂದು ಕೇಳಿದಳು ಅವಳು.

"ತಗೋ ಅಂತೀನಿ. ಇನ್ನೇನು ಅನ್ನಲಿ."

"ನಿಜ ಹೇಳು. ನಾನು ತಗೋ ಅಂದ್ರೆ ಹೊಡೀತಾರೇನೋ ಅನ್ನೋ ಹಾಗೆ ಮುಖ ಆ ಕಡೆ ತಿರುಗಿಸುತ್ತೆ. ಏನು ಮಾಡಿದ್ದೀಯ ಅದಕ್ಕೆ?"

"ಏನೂ ಮಾಡಿಲ್ಲ. ನಿನ್ನ ಮನೆ ಹಿಡಿಸಿಲ್ಲ ಅದಕ್ಕೆ. ನೀನು ಹಿಡಿಸಿಲ್ಲವೋ ಏನೋ."

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೊ," ಎಂದಳು. "ಪಕ್ಕೆಲುಬು ಎಣಿಸಬಹುದು ಅದರದ್ದು. ರಾತ್ರಿ ಎಲ್ಲ ಖಾಲಿ ಹೊಟ್ಟೇಲಿ ಕನವರಿಸುತ್ತೆ. ಹೇಳು, ದಮ್ಮಯ್ಯ."

ದಮ್ಮಯ್ಯ ಎಂದಳು, ತಪ್ಪಾಯ್ತು ಎನ್ನಲಿಲ್ಲ. ಅವನು ತುಟಿ ಬಿಗಿದು ಕಾದ. ನಾಯಿಯ ಪಕ್ಕೆಲುಬು ಅವನ ಕಣ್ಣಿಗೂ ಕಟ್ಟಿತು. ಆದರೆ ಇನ್ನೊಂದೇ ವಾರ, ಆಮೇಲೆ ತಕರಾರು ಪೂರ್ತಿ ತನ್ನದೇ, ಆಗ ಬೇಕಾದಷ್ಟು ತಿನ್ನಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. "ಗಿರಾಕಿ ಇದ್ದಾರೆ," ಎಂದು ಫೋನ್ ಇಟ್ಟ. ಗಾಜಿನೊಳಗೆ ಅಜ್ಜಿ, ಇವನು ಶಬ್ದವನ್ನೇ ಹಾಕಿರದಿದ್ದರೂ, ಒಳ್ಳೆಯವಳು ಅನ್ನಿಸಿಕೊಳ್ಳಲು ಗುಂಡಿ ಒತ್ತುತ್ತಲೇ ಇದ್ದಳು.

ಮರುದಿನ ಫೋನ್ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಸೋತು ಕೂತಿದ್ದಾಳೆ ಎಂದುಕೊಂಡ. ಭಾನುವಾರಕ್ಕೆಂದು ನಾಯಿಗೆ ಹೊಸ ಹಾಸಿಗೆ ಕೊಂಡ.

ಭಾನುವಾರ ತಕರಾರು ತಾನಾಗಿಯೇ ತೂಕದ ಯಂತ್ರ ಹತ್ತಿತು. ಬಾಲ ರಟ್ಟಿನ ಪೆಟ್ಟಿಗೆಗೆ ಬಡಿದು ಡಬ ಡಬ ಸದ್ದು ಮಾಡಿತು. ಅಕ್ಕ ಅಂಕಿ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದಳು. "ಏನೇ ಇದು, ವಾರದಲ್ಲಿ ಮೈಕೈ ತುಂಬ್ಕೊಂಡು ಬಂದಿದೆ. ಏನು ಮಾಡಿದೆ?"

"ಏನಿಲ್ಲ. ಸ್ವಲ್ಪ ಮಾತಾಡಿಸಿದೆ," ಎಂದಳು ಅವಳು. ಸರಪಳಿಯನ್ನು ಅವನ ಕೈಗೆ ಕೊಟ್ಟಳು. ಅವನ ಮುಖವನ್ನು ನೇರವಾಗಿ, ಅಂಗಡಿಯಲ್ಲಿ ಬಟ್ಟೆಯ ಬಣ್ಣ ನೋಡುವ ಹಾಗೆ ನೋಡಿದಳು. ಆಮೇಲೆ ಅಕ್ಕನಿಗೆ ಸುಮ್ಮನೆ ತಲೆಯಾಡಿಸಿ, ಶಟರ್ ದಾಟಿ ಹೊರಟುಹೋದಳು.

"ಒಂದು ಮಾತು ಹೇಳದೆ ಹೊರಟೇಬಿಟ್ಲಲ್ಲ," ಎಂದಳು ಅಕ್ಕ. "ಯಾವತ್ತೂ ಹಾಗೆ ಮಾಡಿದವಳಲ್ಲ."

ಮನೆಯಲ್ಲಿ ಅವನು ತಟ್ಟೆ ಇಟ್ಟು, ಈ ಸಲ ನಾಯಿಯನ್ನು ಕಾಯಲು ಬಿಡದೆ, ಬೇಗ "ತಪ್ಪಾಯ್ತು" ಎಂದ. ನಾಯಿಯ ಕಿವಿಗಳು ತಲೆಗೆ ಅಂಟಿಕೊಂಡವು. ಅದು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿ, ಅಲ್ಲಿಂದ ಮೇಜಿನ ಕೆಳಗೆ ನುಸುಳಿತು. ಅವನು ಬಗ್ಗಿ ಮತ್ತೊಮ್ಮೆ ಹೇಳಿದ. ತಕರಾರು ಮುಖವನ್ನು ಎರಡು ಕಾಲುಗಳ ನಡುವೆ ಹುದುಗಿಸಿ ನಡುಗತೊಡಗಿತು.

ಮೂರನೆಯ ದಿನ ಅವನೇ ಫೋನ್ ಮಾಡಿದ. ಕೊಳದ ಸದ್ದು, ಮಕ್ಕಳ ಕಿರುಚಾಟ ಕೇಳಿಸಿತು. ಅವಳು ಅವಸರವಿಲ್ಲದೆ ಮಾತಾಡಿದಳು.

"ಅವತ್ತು ನಿನಗೆ ಫೋನ್ ಮಾಡಿದ ಮರುದಿನ ಬೆಳಗ್ಗೆ ಎದ್ದು ಬರುವಾಗ ಅದರ ಕಾಲು ತುಳಿದುಬಿಟ್ಟೆ. ತಪ್ಪಾಯ್ತು ಕಣೋ ಮರಿ ಅಂದೆ. ಸೀದಾ ಹೋಗಿ ತಟ್ಟೆಗೆ ಬಾಯಿ ಹಾಕ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೀನು ಇಷ್ಟು ಕೆಟ್ಟವನು ಅಂತ ಗೊತ್ತಾಗೋಕೆ ನನಗೆ ನಾಯಿ ಬೇಕಾಯ್ತು ನೋಡು."

ಅವನಿಗೆ ಮೊದಲು ಹೊಳೆದದ್ದು ಒಂದೇ. ಆ ಮಾತು ಅವಳ ಬಾಯಿಂದ ಕೊನೆಗೂ ಬಂದಿತ್ತು, ಅವನ ಕಿವಿಗೆ ಬೀಳದೆ.

"ನಾಯಿಗೆ ಹೇಳ್ತೀಯ, ನನಗೆ ಹೇಳೋಕಾಗಲಿಲ್ಲ," ಎಂದ.

"ನಾಯಿ ಕಾಲು ತುಳಿದಿದ್ದೆ ನಾನು. ನಿನ್ನದೇನು ತುಳಿದಿದ್ದೆ?" ಎಂದಳು ಅವಳು. "ಇರಲಿ. ಆ ಮಾತು ಹೇಳಿದಾಗೆಲ್ಲ ಅದರ ಕಿವಿ ಹತ್ರ ವಿಸಿಲ್ ಊದಿದ್ದೀನಿ. ಇನ್ನು ಜನ್ಮದಲ್ಲಿ ಅದಕ್ಕೆ ತಿನ್ನಲ್ಲ."

"ನಾಯಿ ಕಿವಿ ಎಷ್ಟು ಸೂಕ್ಷ್ಮ ಗೊತ್ತಾ ನಿನಗೆ? ಹಾಳಾಗುತ್ತೆ."

ಅವಳು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ಎಂದೂ ಕೇಳಿರಲಿಲ್ಲ.

"ಈಗ ಯಾವ ಮಾತು?" ಎಂದು ಕೇಳಿದ.

"ನಾನು ಹೇಳದ ಮಾತು ನೀನು ಕಲಿಸಿದೆ. ನೀನು ಹೇಳದ ಮಾತು ನಾನು ಕಲಿಸಿದ್ದೀನಿ. ಹುಡುಕು. ಅಕ್ಕನ ಹತ್ರ ದೂರು ಹೇಳಬೇಕಂದ್ರೆ ಹೇಳು, ನೀನು ಕಲಿಸಿದ್ದನ್ನೂ ಸೇರಿಸಿ ಹೇಳು."

"ಸತ್ತುಹೋಗುತ್ತೆ ಅದು."

"ನನ್ನ ಮನೇಲಿ ಸಾಯ್ತಾ ಇತ್ತಲ್ಲ, ಆಗ ನಿನಗೆ ಗಿರಾಕಿ ಇದ್ರು," ಎಂದಳು. ಅವಳ ದನಿ ಒಡೆಯಿತು. ಫೋನ್ ಇಡುವ ಮುಂಚೆ ವಿಸಿಲಿನ ಒಂದು ಉದ್ದನೆಯ ಸದ್ದು ಬಂತು, ಮಕ್ಕಳಿಗಾಗಿ ಊದಿದ್ದೋ ಅವನಿಗಾಗಿಯೋ.

ಇಬ್ಬರಿಗೂ ಆ ನಾಯಿ ಎಂದರೆ ಪ್ರಾಣ. ಕೇಳಿದರೆ ಇಬ್ಬರೂ ಹಾಗೆಯೇ ಹೇಳುತ್ತಿದ್ದರು, ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಪ್ರಾಣ ಹೋಗುತ್ತಿದ್ದದ್ದು ಮಾತ್ರ ನಾಯಿಯದು.

ಅವನು ಅಂಗಡಿಗೆ ರಜೆ ಹಾಕಿ ಅಡುಗೆಮನೆಯ ನೆಲದ ಮೇಲೆ ಕೂತ. ತಾನು ಹೇಳದ ಮಾತು ಒಂದೆರಡಾಗಿದ್ದರೆ ಹುಡುಕಬಹುದಿತ್ತು. "ಚೆನ್ನಾಗಿದೆ," ಎಂದ. ಅವಳು ಮಾಡಿದ ಅಡುಗೆಗೆ ಅದನ್ನು ಹೇಳಿದ ನೆನಪಿರಲಿಲ್ಲ. ನಾಯಿ ಅವನ ಬಾಯಿಯನ್ನೇ ನೋಡುತ್ತಿತ್ತು. "ಸುಸ್ತಾಯ್ತಾ," ಎಂದ. "ಇರು." "ಹೋಗಬೇಡ." "ನಿನ್ನ ಇಷ್ಟ." "ಥ್ಯಾಂಕ್ಸ್." ಅವಳನ್ನು ಮೊದಮೊದಲು ಕರೆಯುತ್ತಿದ್ದ, ಆಮೇಲೆ ಕೈಬಿಟ್ಟ ಮುದ್ದಿನ ಹೆಸರನ್ನು ಹೇಳಿದ. ಕಿಟಕಿ ಮುಚ್ಚಿದೆಯೇ ಎಂದು ನೋಡಿಕೊಂಡು, "ನಿನ್ನ ಕಂಡ್ರೆ ನನಗೆ ಪ್ರಾಣ," ಎಂದ. ಪ್ರತಿ ಮಾತಿಗೂ ತಕರಾರಿನ ಕಿವಿ ಆಸೆಯಿಂದ ನಿಮಿರುತ್ತಿತ್ತು, ಮಾತು ಮುಗಿದ ಮೇಲೆ ಜೋತು ಬೀಳುತ್ತಿತ್ತು. ನೆಲದ ಮೇಲೆ ಜೊಲ್ಲಿನ ಮಡು ದೊಡ್ಡದಾಗುತ್ತಾ ಹೋಯಿತು. ಸಂಜೆಯ ಹೊತ್ತಿಗೆ ಅವನ ಗಂಟಲು ಕಟ್ಟಿತು. ಆರು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಅವನು ಅವತ್ತು ಆಡಿದ್ದ, ಅದೂ ನಾಯಿಯ ಮುಂದೆ.

ಅವಳಂತೆ ಬಾಯಿ ತೆಗೆಸಿ ಗಂಜಿ ಸುರಿಯಲು ಹೋದ. ಅವನ ಕೈ ಮೇಲೆದ್ದರೆ ಪೇಪರಿನ ಪೆಟ್ಟು ಎಂದೇ ನಾಯಿಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡಿತು, ಬಿಡಲಿಲ್ಲ.

ವಾರ ಮುಗಿಯುವ ಮುಂಚೆಯೇ ಅಕ್ಕ ನೋಡಲು ಬಂದಳು. ಹೊಸ ಹಾಸಿಗೆಯ ಮೇಲೆ ಚಕ್ಕಳವಾಗಿ ಮಲಗಿದ್ದ ನಾಯಿಯನ್ನೂ, ಮೂಲೆಯಲ್ಲಿ ಒಣಗುತ್ತಿದ್ದ ಅನ್ನದ ತಟ್ಟೆಯನ್ನೂ ನೋಡಿದಳು. ಚೀಲವನ್ನು ಕೆಳಗಿಡಲೂ ಇಲ್ಲ.

"ಅಲ್ಲಿ ಗುಂಡುಗುಂಡಗೆ ಆಗಿತ್ತು. ಇಲ್ಲಿ ಬಂದು ಹೀಗಾಗಿದೆ. ಏನು ಮಾಡ್ತಿದ್ದೀಯ ಇದಕ್ಕೆ?"

ಅವನು ಬಾಯಿ ತೆರೆದ. ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕಿತ್ತು. ಬಾಯಿ ಮುಚ್ಚಿಕೊಂಡ.

"ಸತ್ತ ಮೇಲೆ ತೂಗೋದಾ ಇನ್ನು?" ಎಂದಳು ಅಕ್ಕ. "ಸರದಿ ಗಿರದಿ ಎಲ್ಲ ಸಾಕು. ಅವಳಿಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗಲಿ. ಇನ್ನು ಅದು ಅವಳದೇ. ನೀನೇ ಹೇಳಿದ ನಿಯಮ ಅಲ್ವಾ, ನನಗೇನು ನೆನಪಿಲ್ಲ ಅನ್ಕೊಂಡ್ಯಾ."

ಅವಳು ಸಂಜೆ ಬಂದಳು. ಅಷ್ಟರಲ್ಲಿ ಅವನು ಅನ್ನ ಚೆಲ್ಲಿ, ತಟ್ಟೆ ತೊಳೆದು ಒರೆಸಿ, ಹೊದಿಕೆ, ಬಾಚಣಿಗೆ, ಬಿಸ್ಕತ್ತಿನ ಪೊಟ್ಟಣ, ರಬ್ಬರ್ ಚೆಂಡಿನ ಜೊತೆ ಚೀಲಕ್ಕೆ ತುಂಬಿ ಜಿಪ್ ಎಳೆದಿಟ್ಟಿದ್ದ. ಅವಳು ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ತಕರಾರು ಮೆಲ್ಲಗೆ, ಒಂದೊಂದೇ ಕಾಲು ಎತ್ತಿಟ್ಟು ಬಂತು. ಅದರ ಬೆನ್ನೆಲುಬಿನ ಮೇಲೆ ಕೈಯಾಡಿಸಿದಾಗ ಅವಳ ಮುಖ ಕಿವುಚಿಕೊಂಡಿತು. ಅವಳು ಅವನನ್ನು ಏನೂ ಅನ್ನಲಿಲ್ಲ. ಅನ್ನುವ ಹಕ್ಕು ತನಗೂ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸರಪಳಿಯನ್ನು ಕೈಗೆ ಸುತ್ತಿಕೊಂಡು ಅವಳು ತಲೆ ಎತ್ತಿದಳು. "ಬರ್ತೀನಿ," ಎಂದಳು. ಹೇಳಿ, ಹೋಗದೆ ನಿಂತಳು.

ಅವನು ಅವಳನ್ನು ನೋಡಲಿಲ್ಲ. ಇನ್ನು ಈ ಮನೆಯಲ್ಲಿ ಉಗುರಿನ ಟಕಟಕ ಸದ್ದು ಇರುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಮಂಡಿಯೂರಿ, ನಾಯಿಯ ಎರಡೂ ಕಿವಿಗಳನ್ನು ಅಂಗೈಯಲ್ಲಿ ತುಂಬಿಕೊಂಡು, ನಾಯಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ.

"ಹೋಗಿ ಬಾ."

ತಕರಾರಿನ ಮೈಯೆಲ್ಲ ಝುಮ್ಮೆಂದಿತು. ಅದು ಅವನ ಕೈಯಿಂದ ತಲೆ ಬಿಡಿಸಿಕೊಂಡು ಗಬಕ್ಕನೆ ನೆಲಕ್ಕೆ ಬಾಯಿ ಹಾಕಿತು. ಅಲ್ಲಿ ಏನೂ ಇರಲಿಲ್ಲ. ಬರಿಯ ಹೊಸ್ತಿಲನ್ನು, ಅದರ ಪಕ್ಕದ ಟೈಲನ್ನು, ಅವನ ಮಂಡಿಯ ಹತ್ತಿರದ ನೆಲವನ್ನು, ಬಾಲ ಅಲ್ಲಾಡಿಸುತ್ತಾ ಆತುರಾತುರವಾಗಿ ನೆಕ್ಕಿತು. ಉಸಿರು ಕಟ್ಟಿ ತಲೆ ಎತ್ತಿತು, ಅವನ ಬಾಯಿಯನ್ನು ನೋಡಿತು, ಮತ್ತೆ ನೆಕ್ಕಿತು.

ಅವನಿಗೆ ಸ್ಯಾಂಡ್‌ಪೇಪರಿನ ಸದ್ದು ನೆನಪಾಯಿತು. ತಲೆ ಎತ್ತಿದ. ಅವಳು ನಾಯಿಯನ್ನು ನೋಡುತ್ತಿದ್ದಳು.

"ಇಷ್ಟೇ ಇತ್ತು," ಎಂದಳು.

ಸರಪಳಿಯನ್ನು ಮೆಲ್ಲಗೆ ಎಳೆದಳು. ಮೆಟ್ಟಿಲ ಹತ್ತಿರ ಹೋಗಿ, ತಿರುಗದೆಯೇ, "ಹೋಗ್ತೀನಿ," ಎಂದಳು. ಆರು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಒಂದು ಮಹಡಿ ಕೆಳಗೆ ಜಿಪ್ ತೆರೆದ ಸದ್ದಾಯಿತು. ಆಮೇಲೆ ಅವಳ ದನಿ, ಆಮೇಲೆ ತಟ್ಟೆ ನೆಲದ ಮೇಲೆ ಜಾರುತ್ತಾ ಗೋಡೆಗೆ ಬಡಿಯುವ ಸದ್ದು.

ಅವನು ಮಂಡಿಯೂರಿದಲ್ಲೇ ಇದ್ದ. ಹೊಸ್ತಿಲ ಮೇಲೆ ನಾಯಿ ನೆಕ್ಕಿದ ಒದ್ದೆ, ಅಂಚಿನಿಂದ ಆರುತ್ತಾ ಚಿಕ್ಕದಾಗುತ್ತಾ ಬಂತು.